ಕೆನೆ ಯಂತ್ರ ಕಲಿಸಿದ ಚಿಕಿತ್ಸೆ

ಮಕ್ಕಳೇ, ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಬೆಳಗಾದರೆ ಜನರು ಡೇರಿಗೆ ಹಾಲು ಹಾಕುವುದನ್ನು ನೋಡಿದ್ದೀರಲ್ಲವೇ? ಹಾಲಿನಿಂದ ಕೆನೆ ತೆಗೆಯಲು ಒಂದು ಯಂತ್ರವಿದೆ. ಅದು ಹಾಲನ್ನು ಗಿರಗಿರನೆ ತಿರುಗಿಸುತ್ತದೆ. ಆಗ ಭಾರವಾದ ಹಾಲು ಅಂಚಿಗೆ ಸರಿಯುತ್ತದೆ, ಹಗುರವಾದ ಕೆನೆ ನಡುವೆ ಸೇರುತ್ತದೆ. ಹೀಗೆಯೇ ರಕ್ತವನ್ನೂ ಬೇರ್ಪಡಿಸಬಹುದು!

ಏಕೆ ಬೇರ್ಪಡಿಸಬೇಕು? ರೋಗಾಣುಗಳನ್ನು ಎದುರಿಸಲು ನಮ್ಮ ದೇಹವು ಪ್ರತಿಕಾಯಗಳನ್ನು ತಯಾರಿಸುತ್ತದೆ. ಕೆಲವರಲ್ಲಿ ಇವು ದಾರಿತಪ್ಪಿ ಸ್ವಂತ ದೇಹದ ಮೇಲೆಯೇ ದಾಳಿ ಮಾಡುತ್ತವೆ. 'ಪೆಂಫಿಗಸ್' ಎಂಬ ಕಾಯಿಲೆಯಲ್ಲಿ ಚರ್ಮದ ಜೀವಕೋಶಗಳ ಬೆಸುಗೆ ಬಿಟ್ಟು, ನೀರು ತುಂಬಿದ ಗುಳ್ಳೆಗಳು ಏಳುತ್ತವೆ.

ಈ ಪ್ರತಿಕಾಯಗಳು ರಕ್ತದ ತಿಳಿಹಳದಿ ದ್ರವವಾದ ಪ್ಲಾಸ್ಮಾದಲ್ಲಿರುತ್ತವೆ. ರಕ್ತದಲ್ಲಿ ಶೇಕಡ 55ರಷ್ಟು ಪ್ಲಾಸ್ಮಾ ಇದೆ. ಕಾಯಿಲೆ ತೀವ್ರವಾಗಿ ಔಷಧಿಗೆ ಬಗ್ಗದಿದ್ದರೆ, ವೈದ್ಯರು ರೋಗಿಯ ರಕ್ತವನ್ನು ಸ್ವಲ್ಪಸ್ವಲ್ಪವಾಗಿ ಯಂತ್ರಕ್ಕೆ ಹರಿಸುತ್ತಾರೆ. ತಿರುಗುವಾಗ ಭಾರವಾದ ರಕ್ತಕಣಗಳು ಅಂಚಿಗೆ ಹೋಗುತ್ತವೆ. ಯಂತ್ರವು ಪ್ಲಾಸ್ಮಾವನ್ನು ತೆಗೆದು, ರಕ್ತಕಣಗಳನ್ನು ಬದಲಿ ದ್ರವದೊಂದಿಗೆ ದೇಹಕ್ಕೆ ಮರಳಿಸುತ್ತದೆ. ಇದೇ 'ಪ್ಲಾಸ್ಮಾ ವಿನಿಮಯ'. 1950ರ ದಶಕದ ಆರಂಭದಲ್ಲಿ ಅಮೆರಿಕದ ವಿಜ್ಞಾನಿ ಎಡ್ವಿನ್ ಕೋನ್ ಅವರು ಕೆನೆ ಯಂತ್ರದ ತತ್ವವನ್ನೇ ಬಳಸಿ ರಕ್ತ ಬೇರ್ಪಡಿಸುವ ಯಂತ್ರವನ್ನು ರೂಪಿಸಿದರು.

ಇಷ್ಟಕ್ಕೇ ಕಾಯಿಲೆ ಮುಗಿಯದು. ದೇಹವು ಮತ್ತೆ ಪ್ರತಿಕಾಯಗಳನ್ನು ತಯಾರಿಸುವುದರಿಂದ ಔಷಧಿಯೂ ಬೇಕು.

ಒಂದು ಮಾತು ನೆನಪಿಡಿ. ಪೆಂಫಿಗಸ್ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಅದರಿಂದ ನರಳುವವರು ಪಕ್ಕದಲ್ಲಿ ಕುಳಿತರೆ ಎದ್ದು ಹೋಗಬೇಡಿ. ಅವರಿಗೆ ಚಿಕಿತ್ಸೆಯಷ್ಟೇ ನಿಮ್ಮ ಸ್ನೇಹವೂ ಬೇಕು.