ಕೈಯೊಳಗಿನ ಯಂತ್ರ, ಗುಡ್ಡದಾಚೆಯ ಗೋಪುರ

ಹೊಸ ಮೊಬೈಲೊಂದು ಪೇಟೆಗೆ ಬಂದಿತೆಂಬ ಸುದ್ದಿ ಹಬ್ಬಿದರೆ ಸಾಕು, ನಮ್ಮ ಕಾಲೇಜಿನ ಪಡಸಾಲೆಯಲ್ಲಿ ಅದರದೇ ಚರ್ಚೆ. ಕ್ಯಾಮೆರಾ ಎಷ್ಟು ಚೆನ್ನ, ಬ್ಯಾಟರಿ ಎಷ್ಟು ಹೊತ್ತು ಬಾಳೀತು, ಬೆಲೆ ಎಂದು ಇಳಿದೀತು ಎಂಬ ವಿಷಯಗಳಲ್ಲಿ ನಮ್ಮೊಳಗೆ ಪಂಡಿತರಿಗೆ ಕೊರತೆಯಿಲ್ಲ. ಆದರೆ ಆ ಯಂತ್ರ ನಮ್ಮ ಊರಿನಲ್ಲಿ ಮಾತಾಡೀತೇ ಎಂದು ಕೇಳುವವರು ವಿರಳ. ನಾನೂ ಕೇಳಿರಲಿಲ್ಲ.

ನಮ್ಮ ಮನೆ ಗೇರುಸೊಪ್ಪೆಯ ಕಡೆಯ ಒಂದು ಕಣಿವೆಯಲ್ಲಿದೆ. ಕಳೆದ ವರ್ಷ ರಜೆಯಲ್ಲಿ ಊರಿನಲ್ಲಿದ್ದಾಗ ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ ಬಂದಿತು. ಕೈಯಲ್ಲಿ ಹೊಸ 5ಜಿ ಮೊಬೈಲು. ಸಿಗ್ನಲ್ ಮಾತ್ರ ಸೊನ್ನೆ. ಒಟಿಪಿ ಬಾರದೆ ಅರ್ಜಿ ಮುಂದೆ ಸಾಗದು. ಯಂತ್ರವೇ ಕೆಟ್ಟಿರಬೇಕೆಂದು ನೆರೆಮನೆಯವರ ಹಳೆಯ ಮೊಬೈಲಿಗೆ ನನ್ನ ಸಿಮ್ ಹಾಕಿ ನೋಡಿದೆ, ಅದರಲ್ಲೂ ಸೊನ್ನೆ. ಬೇರೆ ಕಂಪನಿಯದಾದ ಅವರ ಸಿಮ್ಮನ್ನು ನನ್ನದಕ್ಕೆ ಹಾಕಿದೆ. ಕೂಡಲೇ ಸಿಗ್ನಲ್ ಬಂದಿತು! ದೋಷ ಯಂತ್ರದ್ದಲ್ಲ, ನನ್ನ ಆಯ್ಕೆಯದೆಂದು ಆಗ ತಿಳಿಯಿತು. ಕತ್ತಲಾಗುವ ಮುನ್ನ ಗೇರುಬೆಟ್ಟದ ನೆತ್ತಿ ಹತ್ತಿ, ಅಲ್ಲಿ ಕುಳಿತೇ ಅರ್ಜಿ ಸಲ್ಲಿಸಿದೆ.

ಹೀಗೇಕಾಗುತ್ತದೆ? ಮೊಬೈಲಿನ ಮಾತು ರೇಡಿಯೋ ಅಲೆಗಳ ಮೇಲೆ ಸಾಗುತ್ತದೆ. 700 ಮೆಗಾಹರ್ಟ್ಜ್ ಅಲೆಯ ಉದ್ದ ಸುಮಾರು 43 ಸೆಂಟಿಮೀಟರು. 5ಜಿಗೆ ಹೆಚ್ಚಾಗಿ ಬಳಸುವ 3500 ಮೆಗಾಹರ್ಟ್ಜ್ ಅಲೆಯದು 9 ಸೆಂಟಿಮೀಟರಿಗೂ ಕಡಿಮೆ. ಉದ್ದನೆಯ ಅಲೆ ಗುಡ್ಡದ ಅಂಚನ್ನು ತಕ್ಕಮಟ್ಟಿಗೆ ಬಳಸಿ ಬರಬಲ್ಲದು, ದೂರವೂ ಹೋಗಬಲ್ಲದು. ಗಿಡ್ಡನೆಯ ಅಲೆಗಳ ಪಟ್ಟಿಯಲ್ಲಿ ಹೆಚ್ಚು ಜಾಗ ದೊರೆಯುವುದರಿಂದ ಅವು ಬಹಳ ಮಾಹಿತಿಯನ್ನು ವೇಗವಾಗಿ ಹೊರುತ್ತವೆ. ಆದರೆ ಗೋಡೆ, ಮರ, ಗುಡ್ಡಗಳೆದುರು ಬೇಗ ಸೋಲುತ್ತವೆ. ನಮ್ಮ ಅಡಿಕೆ ತೋಟಗಳೂ ಮನೆಗಳೂ ಇರುವುದು ಕಣಿವೆಯಲ್ಲಿ. ಟವರುಗಳು ಬಹುಮಟ್ಟಿಗೆ ಜನಸಂದಣಿಯಿರುವ ಪೇಟೆ, ಹೆದ್ದಾರಿಗಳ ಬಳಿ. ನಡುವೆ ಗುಡ್ಡ ನಿಂತಿದ್ದರೆ ಎಷ್ಟು ಬೆಲೆಯ ಮೊಬೈಲಾದರೂ ಇಳಿತದ ವೇಳೆ ಮರಳ ದಿಬ್ಬಕ್ಕೆ ಕುಳಿತ ದೋಣಿಯಂತೆಯೇ ಸರಿ.

ಕಂಪನಿಗಳಲ್ಲಿಯೂ ಭೇದವುಂಟು. 2016ರ ಸೆಪ್ಟೆಂಬರ್ 5ರಂದು ಸೇವೆ ಆರಂಭಿಸಿದ ಜಿಯೋ 2ಜಿ, 3ಜಿಗಳನ್ನು ಇಟ್ಟುಕೊಳ್ಳಲೇ ಇಲ್ಲ. ಆದ್ದರಿಂದ 4ಜಿ ಇಲ್ಲದ ಹಳೆಯ ಮೊಬೈಲಿನಲ್ಲಿ ಅದರ ಸಿಮ್ ನಡೆಯದು. ವೊಡಾಫೋನ್ ಮತ್ತು ಐಡಿಯಾ 2018ರಲ್ಲಿ ಒಂದಾದವು. ದೇಶದಲ್ಲಿ 5ಜಿ ಉದ್ಘಾಟನೆಯಾದದ್ದು 2022ರ ಅಕ್ಟೋಬರ್ 1ರಂದು. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲ 2025ರ ಸೆಪ್ಟೆಂಬರ್ 27ರಂದು ಉದ್ಘಾಟನೆಗೊಂಡಿತು. ಅದು 700 ಮೆಗಾಹರ್ಟ್ಜ್ ಅಲೆಯನ್ನೂ ಬಳಸುತ್ತದೆ. ಆ ಅಲೆಯನ್ನು ಹಿಡಿಯುವ 28ನೆಯ ಬ್ಯಾಂಡ್ ಇಲ್ಲದ ಮೊಬೈಲಿಗೆ ಅದರ ಲಾಭವಿಲ್ಲ.

ಆದುದರಿಂದ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೇ. ಮೊದಲು ನಿಮ್ಮ ಮನೆಯ ಅಂಗಳದಲ್ಲಿ ಯಾವ ಕಂಪನಿಯ ಸಿಗ್ನಲ್ ಬರುತ್ತದೆಂದು ನೆರೆಯವರನ್ನು ಕೇಳಿರಿ. ಬಳಿಕ ಆ ಕಂಪನಿಯ ಬ್ಯಾಂಡುಗಳಿರುವ ಯಂತ್ರವನ್ನು ಹುಡುಕಿರಿ. ಕ್ಯಾಮೆರಾದ ಮಾತು ಕೊನೆಗಿರಲಿ. ಒಂದು ಕಂಪನಿಯಲ್ಲಿ 90 ದಿನ ಕಳೆದವರು ಸಂಖ್ಯೆಯನ್ನು ಬದಲಿಸದೆ ಇನ್ನೊಂದಕ್ಕೆ ಹೋಗಬಹುದು. 2011ರ ಜನವರಿ 20ರಿಂದ ದೇಶದ ಎಲ್ಲೆಡೆ ಜಾರಿಯಲ್ಲಿರುವ ಈ ಹಕ್ಕನ್ನು ಬಳಸಲು ಸಂಕೋಚವೇಕೆ?

ಆದರೆ ಯಾವ ಕಂಪನಿಯ ಅಲೆಯೂ ಮುಟ್ಟದ ಕಡೆ ಆಯ್ಕೆಯೆಂಬ ಮಾತಿಗೇ ಅರ್ಥವಿಲ್ಲ. ಅಂಥ 24,680 ಹಳ್ಳಿಗಳಿಗೆ 4ಜಿ ಮುಟ್ಟಿಸುವ ಯೋಜನೆಗೆ ಕೇಂದ್ರ ಸಚಿವ ಸಂಪುಟ 2022ರ ಜುಲೈಯಲ್ಲಿ ಒಪ್ಪಿಗೆ ಕೊಟ್ಟಿತು. ಲಾಭ ನೋಡುವ ಕಂಪನಿ ಹತ್ತು ಮನೆಗಳ ಕೊಪ್ಪಕ್ಕೆ ತಾನಾಗಿ ಟವರು ಕಟ್ಟಲಾರದು. ಅಲ್ಲಿ ಸರ್ಕಾರವೇ ಕೈಹಾಕಬೇಕೆಂಬುದು ನನ್ನ ಅಭಿಪ್ರಾಯ. ಅರ್ಜಿ, ಪಡಿತರ, ಫಲಿತಾಂಶ ಎಲ್ಲವೂ ಮೊಬೈಲಿನ ಮೂಲಕವೇ ನಡೆಯುವ ಈ ಕಾಲದಲ್ಲಿ ಸಿಗ್ನಲ್ ಎಂಬುದು ವಿಲಾಸವಲ್ಲ. ರಸ್ತೆಯಂತೆ, ದೀಪದಂತೆ ಅದೂ ಒಂದು ಅವಶ್ಯಕತೆ. ನಾನೇನೋ ಬೆಟ್ಟ ಹತ್ತಿದೆ; ಹತ್ತಲಾರದ ಮುದುಕರೂ ನಮ್ಮ ಕಣಿವೆಯಲ್ಲಿದ್ದಾರೆ.