ಎಪ್ಪತ್ತು ವರ್ಷದ ಹಳೆ ಪಟ್ಟಣ

ಯುರೋಪಿನ ಹಳೆಯ ನಗರಗಳನ್ನು ಮಾರ್ಗದರ್ಶಿಯೊಡನೆ ಕಾಲ್ನಡಿಗೆಯಲ್ಲಿ ನೋಡುವುದು ಈಗ ಪ್ರವಾಸೋದ್ಯಮದ ಖಾಯಂ ಅಂಗವಾಗಿದ್ದು, ಬಣ್ಣದ ಕೊಡೆ ಎತ್ತಿ ಹಿಡಿದ ಗೈಡಿನ ಹಿಂದೆ ಗುಂಪೊಂದು ಎರಡು ಮೂರು ಗಂಟೆ ಸುತ್ತುವ ದೃಶ್ಯ ಪ್ರಾಗ್, ಕ್ರಾಕೋವ್, ವಿಯೆನ್ನಾಗಳಲ್ಲಿ ದಿನವೂ ಕಾಣುತ್ತದೆ. ಅಲ್ಲೆಲ್ಲ ಗೈಡಿನ ಕೆಲಸವೆಂದರೆ ಕಟ್ಟಡದ ವಯಸ್ಸು, ಕಟ್ಟಿಸಿದವರ ಹೆಸರು ಹೇಳಿ, ನಡುನಡುವೆ ಒಂದೆರಡು ದಂತಕಥೆ ಸೇರಿಸುವುದು. ಪೋಲೆಂಡಿನ ರಾಜಧಾನಿ ವಾರ್ಸಾದಲ್ಲಿ ಮಾತ್ರ ವಯಸ್ಸು ಹೇಳುವುದೇ ಕಷ್ಟದ ಕೆಲಸ. ಏಕೆಂದರೆ ‘ಸ್ಟಾರೆ ಮಿಯಾಸ್ಟೊ’ ಅಂದರೆ ಹಳೆ ಪಟ್ಟಣವೆಂದು ಹೆಸರಾದ ಅದರ ಕೇಂದ್ರಭಾಗದ ಬಹುಪಾಲು ಕಟ್ಟಡಗಳು ಎರಡನೆಯ ಮಹಾಯುದ್ಧದ ನಂತರ ಎದ್ದು ನಿಂತವು.

ನಡಿಗೆ ಸಾಮಾನ್ಯವಾಗಿ ಆರಂಭವಾಗುವುದು ಅರಮನೆಯ ಮುಂದಿನ ಚೌಕದಲ್ಲಿ. ಕ್ರಾಕೋವ್‌ನಲ್ಲಿದ್ದ ಆಸ್ಥಾನವನ್ನು 1596ರ ಸುಮಾರಿಗೆ ಇಲ್ಲಿಗೆ ಬದಲಾಯಿಸಿದ ಮೂರನೆಯ ಸಿಗಿಸ್ಮಂಡ್ ದೊರೆಯ ನೆನಪಿಗಾಗಿ ಅವನ ಮಗ 1644ರಲ್ಲಿ ನಿಲ್ಲಿಸಿದ ಎತ್ತರದ ಕಂಬ ಇಲ್ಲಿದ್ದು, ಅದರ ತುದಿಯಲ್ಲಿ ದೊರೆಯ ಕಂಚಿನ ಪ್ರತಿಮೆ ಒಂದು ಕೈಯಲ್ಲಿ ಶಿಲುಬೆ, ಇನ್ನೊಂದರಲ್ಲಿ ಕತ್ತಿ ಹಿಡಿದಿದೆ. ಪ್ರತಿಮೆ ಹಳೆಯದು, ಕಂಬ ಮೂರನೆಯದು. ಶಿಥಿಲವಾದ ಮೊದಲ ಕಂಬವನ್ನು 19ನೇ ಶತಮಾನದಲ್ಲಿ ತೆಗೆದು ಗ್ರಾನೈಟಿನದನ್ನು ಇಡಲಾಗಿತ್ತು, ಅದನ್ನು 1944ರಲ್ಲಿ ಜರ್ಮನರು ಉರುಳಿಸಿದರು, ಈಗಿನದು 1949ರದು. ಹಿಂದಿನ ಎರಡರ ತುಂಡುಗಳೂ ಅರಮನೆಯ ಪಕ್ಕದ ಹುಲ್ಲಿನ ಮೇಲೆ ಮಲಗಿದ್ದು, ಅವುಗಳನ್ನು ಮುಟ್ಟಿ ನೋಡಬಹುದು. ಅರಮನೆಯ ಕಥೆಯೂ ಇದೇ ಬಗೆಯದು. 1939ರ ದಾಳಿಯಲ್ಲಿ ಸುಟ್ಟು, 1944ರಲ್ಲಿ ಸಿಡಿಮದ್ದಿಟ್ಟು ನೆಲಸಮ ಮಾಡಲಾದ ಈ ಕಟ್ಟಡವನ್ನು 1971ರ ನಂತರ ಜನರು ಕೊಟ್ಟ ದೇಣಿಗೆಯ ಬಲದಿಂದ ಮತ್ತೆ ಎಬ್ಬಿಸಲಾಯಿತು. ಅದರ ಗೋಪುರದ ಗಡಿಯಾರವನ್ನು, 1939ರ ಸೆಪ್ಟೆಂಬರ್ 17ರಂದು ಹಳೆಯದು ನಿಂತುಹೋಗಿದ್ದ 11.15ರ ಗಳಿಗೆಯಲ್ಲೇ, 1974ರಲ್ಲಿ ಚಾಲನೆಗೊಳಿಸಲಾಯಿತು.

ಇಷ್ಟು ವಿನಾಶಕ್ಕೆ ಕಾರಣ 1944ರ ಬಂಡಾಯ. ಆಗಸ್ಟ್ 1ರಂದು ಪೋಲಿಷ್ ಭೂಗತ ಸೇನೆ ನಾಜಿ ಆಕ್ರಮಣಕಾರರ ವಿರುದ್ಧ ಎದ್ದು 63 ದಿನ ಹೋರಾಡಿತು. ಹಳೆ ಪಟ್ಟಣ ಸೆಪ್ಟೆಂಬರ್ ಮೊದಲ ವಾರದಲ್ಲಿ ಶತ್ರುವಶವಾದಾಗ ಅಲ್ಲಿನ ಹೋರಾಟಗಾರರು ಒಳಚರಂಡಿಗಳ ಮೂಲಕ ಬೇರೆ ಬಡಾವಣೆಗಳಿಗೆ ಪಾರಾದರು. ಶರಣಾಗತಿಯ ಬಳಿಕವೂ ಜರ್ಮನರು ಉಳಿದ ಕಟ್ಟಡಗಳನ್ನು ಸಾಲಾಗಿ ಸುಡುತ್ತ, ಸ್ಫೋಟಿಸುತ್ತ ಹೋದುದರಿಂದ ಐತಿಹಾಸಿಕ ಕೇಂದ್ರದ ಶೇಕಡಾ 85ಕ್ಕೂ ಹೆಚ್ಚು ಭಾಗ ನಾಶವಾಯಿತು.

1945ರ ಫೆಬ್ರವರಿಯಲ್ಲಿ ಸ್ಥಾಪನೆಯಾದ ರಾಜಧಾನಿ ಪುನರ್ನಿರ್ಮಾಣ ಕಚೇರಿಯಲ್ಲಿ ಸ್ಮಾರಕಗಳ ಹೊಣೆ ಹೊತ್ತವರು ವಾಸ್ತುಶಿಲ್ಪಿ ಯಾನ್ ಜಖ್ವಾಟೋವಿಚ್. ಅವರ ತಂಡಕ್ಕೆ ಆಧಾರವಾದವುಗಳಲ್ಲಿ ಹೆಚ್ಚು ಪ್ರಸಿದ್ಧವಾದುದು 18ನೇ ಶತಮಾನದ ವೆನಿಸ್ ಮೂಲದ ಆಸ್ಥಾನ ಚಿತ್ರಕಾರ ಬೆರ್ನಾರ್ಡೊ ಬೆಲ್ಲೊಟ್ಟೊ ಬರೆದ ನಗರದೃಶ್ಯಗಳು. ಸಣ್ಣ ಕಂಡಿಯಿಂದ ಬಂದ ಬೆಳಕು ಎದುರಿನ ದೃಶ್ಯವನ್ನು ಹಾಳೆಯ ಮೇಲೆ ಬೀಳಿಸುವ ಕತ್ತಲ ಪೆಟ್ಟಿಗೆಯ ನೆರವಿನಿಂದ ರೂಪುಗೊಂಡ ಈ ಚಿತ್ರಗಳು ಫೋಟೋದಷ್ಟೇ ನಿಖರವೆಂದು ಹೇಳುವುದುಂಟಾದರೂ ಅದು ಅತಿಶಯೋಕ್ತಿ. ಚಿತ್ರದ ಅಂದಕ್ಕಾಗಿ ಬೆಲ್ಲೊಟ್ಟೊ ಅಲ್ಲಲ್ಲಿ ವಿವರಗಳನ್ನು ತಿದ್ದಿದ್ದಾನೆ. ಹೆಚ್ಚು ಉಪಯೋಗಕ್ಕೆ ಬಂದದ್ದು, ಯುದ್ಧಕ್ಕೆ ಮೊದಲು ವಾರ್ಸಾ ತಾಂತ್ರಿಕ ವಿಶ್ವವಿದ್ಯಾಲಯದ ವಾಸ್ತುಶಿಲ್ಪ ವಿಭಾಗ ತಯಾರಿಸಿದ್ದ, ಬಣ್ಣದ ಚಿತ್ರಗಳ ಮುಂದೆ ಯಾರ ಗಮನವನ್ನೂ ಸೆಳೆಯದ ಅಳತೆಯ ನಕ್ಷೆಗಳು.

1953ರ ಜುಲೈನಲ್ಲಿ ಉದ್ಘಾಟನೆಗೊಂಡ ಮಾರುಕಟ್ಟೆ ಚೌಕದಲ್ಲಿ ನಿಂತು ನೋಡಿದರೆ ನಾಲ್ಕೂ ಬದಿಯಲ್ಲಿ ವರ್ತಕರ ಕಿರಿದಾದ, ಎತ್ತರದ ಮನೆಗಳು, ಗೋಡೆಗಳ ಮೇಲೆ ‘ಸ್ಗ್ರಾಫಿಟೊ’ ಚಿತ್ರಗಳು. ಒಂದರ ಮೇಲೊಂದು ಬಳಿದ ಎರಡು ಬಣ್ಣದ ಗಾರೆಯಲ್ಲಿ ಮೇಲಿನ ಪದರವನ್ನು ಕೆರೆದು ಕೆಳಗಿನ ಬಣ್ಣ ಕಾಣುವಂತೆ ಮಾಡುವ ಈ ಕಲೆ ಹಳೆಯದಾದರೂ ಇಲ್ಲಿನ ಚಿತ್ರಗಳಲ್ಲಿ ಹೆಚ್ಚಿನವು 1950ರ ದಶಕದ ಕಲಾವಿದರವು. ಮನೆಗಳ ಒಳಗನ್ನಂತೂ ಅಂದಿನ ಸಮಾಜವಾದಿ ಸರ್ಕಾರ ಹಳೆಯ ರೀತಿಯಲ್ಲಿ ಕಟ್ಟಲಿಲ್ಲ: ಹಿಂಬದಿಯಲ್ಲಿ ಗಾಳಿ ಬೆಳಕಿಲ್ಲದೆ ಒತ್ತೊತ್ತಾಗಿದ್ದ ಕಟ್ಟಡಗಳನ್ನು ಕೈಬಿಟ್ಟು ಅಂಗಳಗಳನ್ನು ತೆರವು ಮಾಡಿ, ಹಳೆಯ ಮುಖದ ಹಿಂದೆ ಹೊಸ ಕಾಲದ ವಾಸದ ಮನೆಗಳನ್ನು ಮಾಡಲಾಯಿತು. ವಾಸ್ತುಶುದ್ಧಿಯ ಪಕ್ಷಪಾತಿಗಳು ಇದನ್ನು ರಂಗಸಜ್ಜಿಕೆ ಎಂದು ಜರೆದರೂ, ಜನ ಸಂಸಾರ ಹೂಡುವ ಬೀದಿಗೆ ಆ ಮಾತು ಅಷ್ಟಾಗಿ ಒಪ್ಪುವುದಿಲ್ಲ.

ಸಂತ ಜಾನ್ ಕೆಥೆಡ್ರಲ್‌ನ ಹೊರಗೋಡೆಯಲ್ಲಿ ತುಕ್ಕು ಹಿಡಿದ ಕಬ್ಬಿಣದ ಪಟ್ಟಿಯೊಂದನ್ನು ಕೂರಿಸಿದ್ದಾರೆ. ಇದು ಬಂಡಾಯದ ಕಾಲದಲ್ಲಿ ಜರ್ಮನರು ಸ್ಫೋಟಕ ತುಂಬಿ ದೂರನಿಯಂತ್ರಣದಿಂದ ನಡೆಸಿದ ವಾಹನದ ಚಕ್ರಪಟ್ಟಿ; ಫಲಕ ಅದನ್ನು ‘ಗೋಲಿಯಾತ್’ ಎಂದು ಹೆಸರಿಸಿದರೂ, ಸೊಂಟದೆತ್ತರವೂ ಇರದ ಆ ಪುಟ್ಟ ಯಂತ್ರಕ್ಕೆ ಇಷ್ಟು ಅಗಲದ ಪಟ್ಟಿ ಹೊಂದುವುದಿಲ್ಲ, ಇದು ದೊಡ್ಡ ಗಾತ್ರದ ಬೋರ್ಗ್‌ವರ್ಡ್ ವಾಹನದ್ದೆಂದು ತಿಳಿದವರು ಹೇಳುತ್ತಾರೆ. ಅದಕ್ಕಿಂತ ಗಮನಿಸಬೇಕಾದುದು ಕೆಥೆಡ್ರಲ್‌ನ ಮುಂಭಾಗ. ಯುದ್ಧಕ್ಕೆ ಮುಂಚೆ ಅಲ್ಲಿ 19ನೇ ಶತಮಾನದ ಇಂಗ್ಲಿಷ್ ಗೋಥಿಕ್ ಶೈಲಿಯ ಅಲಂಕೃತ ಮುಖವಿತ್ತು. ಜಖ್ವಾಟೋವಿಚ್ ಅದನ್ನು ಬಿಟ್ಟು, ಮಧ್ಯಯುಗದಲ್ಲಿ ಈ ಪ್ರಾಂತ್ಯದ ಚರ್ಚುಗಳು ಹೀಗಿದ್ದಿರಬೇಕೆಂಬ ಊಹೆಯ ಮೇಲೆ ಸರಳವಾದ ಇಟ್ಟಿಗೆಯ ಮುಖವನ್ನು ಕೊಟ್ಟರು. ಕಳೆದುಕೊಂಡದ್ದನ್ನು ಮರಳಿ ಪಡೆಯುವ ನೆಪದಲ್ಲಿ ಬೇಡದ ಶತಮಾನವೊಂದನ್ನು ಸದ್ದಿಲ್ಲದೆ ಬದಿಗೆ ಸರಿಸಲಾಯಿತು ಎಂಬುದನ್ನು ಒಳ್ಳೆಯ ಗೈಡ್ ಮರೆಮಾಚುವುದಿಲ್ಲ.

ಇದನ್ನೆಲ್ಲ ಅರಿತೇ ಯುನೆಸ್ಕೊ 1980ರಲ್ಲಿ ಈ ಪ್ರದೇಶವನ್ನು, ಪ್ರಾಚೀನತೆಗಾಗಿ ಅಲ್ಲದೆ ಪುನರ್ನಿರ್ಮಾಣದ ಅಪೂರ್ವ ಉದಾಹರಣೆಯೆಂದು, ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಡಿಗೆ ಉತ್ತರದ ತುದಿಯಲ್ಲಿ ಬಾರ್ಬಿಕನ್ ಎಂಬ, ಊರಬಾಗಿಲನ್ನು ಕಾಯಲು 1548ರಲ್ಲಿ ಕಟ್ಟಿದ ಅರೆವೃತ್ತಾಕಾರದ ಕೊತ್ತಲಿಗೆ ಬಂದು ಮುಟ್ಟುತ್ತದೆ. ಯುದ್ಧಕ್ಕೆ ಬಹಳ ಮೊದಲೇ ಅದರ ಬಹುಭಾಗ ಕಳಚಿಹೋಗಿ, ಉಳಿದದ್ದು ಸುತ್ತಲಿನ ಮನೆಗಳಲ್ಲಿ ಲೀನವಾಗಿತ್ತು. ಆದರೂ 1950ರ ದಶಕದಲ್ಲಿ ಹಳೆಯ ಮುದ್ರಿತ ಚಿತ್ರಗಳನ್ನು ಅನುಸರಿಸಿ, ಬೇರೆ ಊರುಗಳ ಪಾಳುಕಟ್ಟಡಗಳಿಂದ ತಂದ ಇಟ್ಟಿಗೆಗಳಿಂದ, ಅದನ್ನೂ ಬಹುಮಟ್ಟಿಗೆ ಮತ್ತೆ ಕಟ್ಟಲಾಯಿತು.