ಕತ್ತಲಾದ ಪರದೆಗೆ ಟಾರ್ಚ್ ಹಿಡಿಯುವವರು

ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಮುಧೋಳ, ಜಮಖಂಡಿ ಸೀಮೆಯ ಸಕ್ಕರೆ ಕಾರ್ಖಾನೆಗಳ ಮುಂದೆ ಟ್ರ್ಯಾಕ್ಟರುಗಳ ಸಾಲು ಹಗಲು ರಾತ್ರಿ ಕರಗುವುದಿಲ್ಲ. ಕಬ್ಬಿನ ಟ್ರೇಲರ್ ಕಾಟಾದ ಮೇಲೆ ನಿಂತಾಗ ಒಳಗಿನ ಕಂಪ್ಯೂಟರಿನ ಪರದೆ ಕಪ್ಪಾದರೆ ತೂಕದ ಚೀಟಿ ಹೊರಬರುವುದಿಲ್ಲ. ಹಿಂದಿನ ಗಾಡಿಗಳೆಲ್ಲ ನಿಂತಲ್ಲೇ ನಿಲ್ಲಬೇಕು. ರಬಕವಿ-ಬನಹಟ್ಟಿಯಲ್ಲಿ ಸೀರೆಯ ಅಂಚು ಸೆರಗಿನ ಹೂಬಳ್ಳಿ ಜಕಾರ್ಡಿಗೆ ಇಳಿಯುವ ಮೊದಲು ಮೂಡುವುದೂ ಇಂಥದೇ ಪರದೆಯ ಮೇಲೆ. ಬೀಳಗಿಯ ಕಡೆ ಆಲಮಟ್ಟಿ ಹಿನ್ನೀರಿಗೆ ಹೊಲ ಕೊಟ್ಟವರು ಪಹಣಿಗೋ ಪರಿಹಾರದ ಕಾಗದಕ್ಕೋ ಬಂದು ನಿಂತಾಗ ಅವರ ಕೆಲಸ ಆಗುವುದು ಮೇಜಿನ ಮೇಲಿನ ಒಂದು ಎಲ್‌ಸಿಡಿ ಮಾನಿಟರ್ ಹತ್ತಿದರೆ ಮಾತ್ರ.

ಆ ಮಾನಿಟರ್ ಕೆಟ್ಟಾಗ ಅದನ್ನು ಬಿಚ್ಚಿ, ಹುಡುಕಿ, ಸರಿಮಾಡಿ ಕೊಡುವವರು ಈ ನಾಲ್ಕೂ ಊರುಗಳ ಪೇಟೆಯಲ್ಲಿದ್ದಾರೆ. ಬಸ್‌ಸ್ಟ್ಯಾಂಡಿನ ಸುತ್ತಿನ ಸಣ್ಣ ಮಳಿಗೆಗಳಲ್ಲಿ ಮೊಬೈಲು, ಟಿವಿ, ಇನ್ವರ್ಟರುಗಳ ನಡುವೆ ಈ ಕೆಲಸವೂ ನಡೆಯುತ್ತದೆ. ಫಲಕದ ಮೇಲೆ ಬರೀ ಕಂಪ್ಯೂಟರ್ ಸೇಲ್ಸ್ ಆಂಡ್ ಸರ್ವಿಸ್ ಎಂದಿರುತ್ತದೆ. ಒಳಗಿರುವ ವಿದ್ಯೆ ಎಷ್ಟು ಸೂಕ್ಷ್ಮದ್ದು ಎಂದು ಹೊರಗಿನವರಿಗೆ ಗೊತ್ತಾಗುವುದು ಕಡಿಮೆ. ಹಳೆಯ ತಲೆಮಾರಿನವರ ಕೈ ರೇಡಿಯೋ, ಟೇಪ್‌ರೆಕಾರ್ಡರುಗಳಲ್ಲಿ ಪಳಗಿದ್ದು. ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಕೆಪಾಸಿಟರಿಗೆ ಅವರು ಈಗಲೂ ಕಂಡೆನ್ಸರ್ ಎನ್ನುತ್ತಾರೆ. ಚಿಕ್ಕವರು ಹೆಚ್ಚಾಗಿ ಐಟಿಐಯ ಎಲೆಕ್ಟ್ರಾನಿಕ್ ಮೆಕ್ಯಾನಿಕ್ ಟ್ರೇಡಿನಲ್ಲಿ ಎರಡು ವರ್ಷ ಕಲಿತು, ಆಮೇಲೆ ಯಾರದಾದರೂ ಟೇಬಲ್ಲಿನ ಪಕ್ಕ ಕೂತು ಕೈಕೆಲಸ ಹಿಡಿದವರು.

ಗಿರಾಕಿ ಹೇಳುವುದು ಎರಡೇ ಮಾತು. "ಲೈಟ್ ಹತ್ತತೈತ್ರಿ, ಸ್ಕ್ರೀನಷ್ಟ ಬರವಲ್ದು" ಎಂಬುದು ಒಂದು. "ಕರೆಂಟ್ ಹೋಗಿ ಬಂತ್ರಿ, ಆಮ್ಯಾಲೆ ಸುರುನ ಆಗವಲ್ದು" ಎಂಬುದು ಇನ್ನೊಂದು. ಅರ್ಧ ರೋಗನಿರ್ಣಯ ಈ ಮಾತಿನಲ್ಲೇ ಇದೆ. ಮೊದಲನೆಯದರಲ್ಲಿ ವಿದ್ಯುತ್ತು ಒಳಗೆ ಬಂದಿದೆ, ಬೆಳಕೋ ಚಿತ್ರವೋ ಹುಟ್ಟುತ್ತಿಲ್ಲ. ಎರಡನೆಯದರಲ್ಲಿ ವಿದ್ಯುತ್ತೇ ಒಳಗೆ ದಾಟುತ್ತಿಲ್ಲ.

ನಿಜ ಹೇಳಬೇಕೆಂದರೆ, ಕಪ್ಪಾದ ಪರದೆಯಲ್ಲಿ ಪರದೆ ಕೆಟ್ಟಿರುವುದು ಅಪರೂಪ. ಇದೇ ಈ ಕಸುಬಿನ ಮೂಲ ತಿಳುವಳಿಕೆ. ದ್ರವ ಹರಳಿನ ಫಲಕ ತಾನಾಗಿ ಬೆಳಕು ಕೊಡುವುದಿಲ್ಲ. ಎರಡು ಧ್ರುವಕ ಹಾಳೆಗಳ ನಡುವೆ ಕೂತು, ಹಿಂದಿನಿಂದ ಬರುವ ಬೆಳಕನ್ನು ತಿರುಚಿ, ಎಲ್ಲಿ ಎಷ್ಟು ಬಿಡಬೇಕೋ ಅಷ್ಟು ಬಿಡುತ್ತದೆ. ಬೆಳಕಿನ ಮೂಲ ಬೇರೆ, ಅದಕ್ಕೆ ವಿದ್ಯುತ್ತು ಉಣಿಸುವ ಪವರ್ ಬೋರ್ಡ್ ಬೇರೆ, ಕಂಪ್ಯೂಟರಿನಿಂದ ಬಂದ ಚಿತ್ರವನ್ನು ಫಲಕಕ್ಕೆ ಒಪ್ಪುವಂತೆ ಬದಲಿಸುವ ಮೇನ್ ಬೋರ್ಡ್ ಬೇರೆ. ನಾಲ್ಕರಲ್ಲಿ ಯಾವುದು ಮುನಿಸಿಕೊಂಡಿದೆ ಎಂದು ಕಂಡುಹಿಡಿಯುವುದೇ ವಿದ್ಯೆ. ಬಿಡಿಭಾಗ ಬದಲಿಸುವುದು ಆಮೇಲಿನ ಸಣ್ಣ ಕೆಲಸ.

ಅದಕ್ಕೇ ಅನುಭವಿ ಮೆಕ್ಯಾನಿಕ್ ಸ್ಕ್ರೂಡ್ರೈವರಿಗಿಂತ ಮೊದಲು ಟಾರ್ಚ್ ಎತ್ತಿಕೊಳ್ಳುತ್ತಾನೆ. ಮಾನಿಟರನ್ನು ಕಂಪ್ಯೂಟರಿಗೆ ಜೋಡಿಸಿ, ಕಪ್ಪು ಪರದೆಯ ಮೇಲೆ ಓರೆಯಾಗಿ ಬೆಳಕು ಬಿಡುತ್ತಾನೆ. ಮಸುಕು ಮಸುಕಾಗಿ ಅಕ್ಷರಗಳೋ ಚಿಹ್ನೆಗಳೋ ಕಂಡರೆ ಚಿತ್ರ ಅಲ್ಲಿದೆ, ಹಿಂದಿನ ಬೆಳಕು ಮಾತ್ರ ಸತ್ತಿದೆ ಎಂದಾಯಿತು. ಫಲಕವೂ ಮೇನ್ ಬೋರ್ಡೂ ಬಹುಮಟ್ಟಿಗೆ ಅನುಮಾನದಿಂದ ಪಾರಾದವು. ಏನೂ ಬಿಚ್ಚದೆ, ಅರ್ಧ ನಿಮಿಷದಲ್ಲಿ ಮುಗಿಯುವ ಈ ಪರೀಕ್ಷೆಯಷ್ಟು ಚೆಂದದ್ದು ರಿಪೇರಿ ಲೋಕದಲ್ಲಿ ಬೇರೆ ಇಲ್ಲವೆಂದೇ ನನಗನಿಸುತ್ತದೆ.

ಒಮ್ಮೆ ಹತ್ತಿ ಎರಡೇ ಸೆಕೆಂಡಿಗೆ ಕಪ್ಪಾಗುವ ಮಾನಿಟರ್ ಇನ್ನೊಂದು ಕತೆ ಹೇಳುತ್ತದೆ. ಹಳೆಯ ಮಾದರಿಗಳಲ್ಲಿ ಹಿಂಬೆಳಕು ಕೊಡುವುದು ಪೆನ್ಸಿಲ್ಲಿಗಿಂತ ಸಣ್ಣ ಗಾಜಿನ ನಳಿಗೆಗಳು, ಸಿಸಿಎಫ್ಎಲ್ ಎನ್ನುವ ಟ್ಯೂಬುಗಳು. ಅವನ್ನು ಹೊತ್ತಿಸಲು ಸಾವಿರ ವೋಲ್ಟಿಗೂ ಮಿಕ್ಕಿದ ಒತ್ತಡ ಬೇಕು. ಅದನ್ನು ಇನ್ವರ್ಟರ್ ಭಾಗ ಹುಟ್ಟಿಸುತ್ತದೆ. ಒಂದು ನಳಿಗೆ ಸೋತರೂ ಇನ್ವರ್ಟರಿನ ರಕ್ಷಣಾ ಸರ್ಕ್ಯೂಟ್ ಅದನ್ನು ಗುರುತಿಸಿ ಎಲ್ಲವನ್ನೂ ಆರಿಸಿಬಿಡುತ್ತದೆ. ಪರದೆ ಶುರುವಿನಲ್ಲಿ ಗುಲಾಬಿ ಛಾಯೆಗೆ ತಿರುಗುತ್ತಿದ್ದರೆ ನಳಿಗೆಯ ಆಯುಷ್ಯ ಮುಗಿಯುತ್ತ ಬಂದಿದೆ ಎಂದು ತಿಳಿಯಬೇಕು. ಈಚಿನ ಮಾನಿಟರುಗಳಲ್ಲಿ ನಳಿಗೆಯ ಜಾಗಕ್ಕೆ ಎಲ್ಇಡಿ ಪಟ್ಟಿ ಬಂದಿದೆ. ಅದರಲ್ಲಿ ಬಲ್ಬುಗಳು ಸಾಲಾಗಿ ಒಂದಕ್ಕೊಂದು ಜೋಡಿಸಿಕೊಂಡಿರುವುದರಿಂದ ಒಂದು ಸುಟ್ಟರೆ ಇಡೀ ಸಾಲು ಕತ್ತಲು.

ಎಲ್ಇಡಿ ಪಟ್ಟಿ ಬದಲಿಸುವ ಕೆಲಸ ನೋಡಲೇಬೇಕಾದದ್ದು. ಫ್ಯಾನ್ ಆರಿಸಿ, ಟೇಬಲ್ ಒರೆಸಿ, ಕೈ ತೊಳೆದು ಕೂರುತ್ತಾರೆ. ಲೋಹದ ಅಂಚು ಬಿಡಿಸಿ, ಫಲಕವನ್ನು ಅದರ ರಿಬ್ಬನ್ನುಗಳ ಸಮೇತ ಎತ್ತಿ ಪಕ್ಕಕ್ಕಿಡಬೇಕು. ಅಲ್ಲಿ ಕೈ ನಡುಗಿದರೆ ಮುಗಿಯಿತು, ಮಾನಿಟರ್ ಗುಜರಿಗೆ. ಫಲಕದ ಹಿಂದೆ ಬೆಳಕನ್ನು ಹರಡುವ ತೆಳು ಹಾಳೆಗಳು ಒಂದರ ಮೇಲೊಂದು ಇರುತ್ತವೆ, ಅದರ ಹಿಂದೆ ದಪ್ಪನೆಯ ಪಾರದರ್ಶಕ ಹಲಗೆ. ಹಾಳೆಗಳ ಕ್ರಮ ತಪ್ಪಬಾರದು, ಬೆರಳಚ್ಚು ಬೀಳಬಾರದು, ಒಂದು ಎಳೆ ಹತ್ತಿಯೂ ಒಳಗೆ ಸೇರಬಾರದು. ಸೇರಿದರೆ ಪರದೆಯ ಮೇಲೆ ಶಾಶ್ವತ ಕಲೆ. ಮಗ್ಗಗಳ ಊರಾದ ಬನಹಟ್ಟಿಯಲ್ಲಿ ಗಾಳಿಯಲ್ಲೇ ಹತ್ತಿಯ ನವಿರು ತೇಲುತ್ತಿರುತ್ತದೆ. ಅಂಥ ಜಾಗದಲ್ಲಿ ಕಲೆಯಿಲ್ಲದೆ ಪರದೆ ಮುಚ್ಚಿಕೊಡುವವನ ಕೈಗೆ ಯಾವ ಸರ್ಟಿಫಿಕೇಟೂ ಬೇಡ.

ಇನ್ನು ಪವರ್ ಬೋರ್ಡಿನ ವಿಷಯ. ನನ್ನ ಮಟ್ಟಿಗೆ ಇಡೀ ಕಸುಬಿನ ಹೃದಯ ಇಲ್ಲಿದೆ. ಗೋಡೆಯ 230 ವೋಲ್ಟ್ ಎಸಿ ಬ್ರಿಜ್ ಡಯೋಡ್ ದಾಟಿ, ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಡಿಸಿಯಾಗಿ ನಿಲ್ಲುತ್ತದೆ. ಅಲ್ಲಿಂದ ಪುಟ್ಟ ಟ್ರಾನ್ಸ್‌ಫಾರ್ಮರ್ ದಾಟಿ ಮೇನ್ ಬೋರ್ಡಿಗೆ 5 ವೋಲ್ಟ್, ಹಿಂಬೆಳಕಿಗೆ 12 ವೋಲ್ಟ್ ಇಲ್ಲವೇ ತುಸು ಹೆಚ್ಚು ಹೊರಡುತ್ತದೆ. ಈ ಹೊರಡುವ ಕಡೆಯ ಸಣ್ಣ ಎಲೆಕ್ಟ್ರೋಲೈಟಿಕ್ ಕೆಪಾಸಿಟರುಗಳೇ ಎಲ್‌ಸಿಡಿ ಮಾನಿಟರುಗಳ ದೊಡ್ಡ ಶತ್ರು. ಸಪಾಟಾಗಿರಬೇಕಾದ ತಲೆ ಉಬ್ಬಿ, ಕೆಲವೊಮ್ಮೆ ಕಂದು ರಸ ಒಸರಿರುತ್ತದೆ. ಪವರ್ ಲೈಟ್ ಮಿಣಮಿಣ ಎನ್ನುವುದು, ಹತ್ತಾರು ಸಲ ಬಟನ್ ಒತ್ತಿದ ಮೇಲೆ ಹತ್ತುವುದು ಎಲ್ಲ ಇದರದೇ ಲಕ್ಷಣ. 2000ನೇ ಇಸವಿಯ ಆಸುಪಾಸಿನಲ್ಲಿ ಜಗತ್ತಿನಾದ್ಯಂತ ದೋಷಪೂರಿತ ರಸ ತುಂಬಿದ ಕೆಪಾಸಿಟರುಗಳು ಮಾರುಕಟ್ಟೆಗೆ ಬಂದು, ಲೆಕ್ಕವಿಲ್ಲದಷ್ಟು ಕಂಪ್ಯೂಟರು, ಮಾನಿಟರುಗಳು ಅಕಾಲದಲ್ಲಿ ಕೆಟ್ಟವು.

ದೋಷವಿಲ್ಲದ ಕೆಪಾಸಿಟರನ್ನೂ ನಮ್ಮ ಬಿಸಿಲು ಬಿಡುವುದಿಲ್ಲ. ಒಳಗಿನ ಉಷ್ಣತೆ 10 ಡಿಗ್ರಿ ಏರಿದರೆ ಇದರ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳ ಲೆಕ್ಕ. 105 ಡಿಗ್ರಿಯಲ್ಲಿ 2,000 ತಾಸು ಬಾಳಬೇಕಾದದ್ದು 65 ಡಿಗ್ರಿಯಲ್ಲಿ 32,000 ತಾಸು ಬಾಳುತ್ತದೆ. 75ಕ್ಕೆ ಏರಿದರೆ 16,000. ದಿನಕ್ಕೆ ಹತ್ತು ತಾಸಿನಂತೆ ವರ್ಷಕ್ಕೆ 300 ದಿನ ನಡೆಯುವ ಕಚೇರಿಯಲ್ಲಿ ಮೊದಲನೆಯದು ಹತ್ತು ವರ್ಷ ದಾಟುತ್ತದೆ, ಎರಡನೆಯದು ಐದರ ಹತ್ತಿರ ನಿಲ್ಲುತ್ತದೆ. ತಗಡಿನ ಸೂರಿನ ಕಾಟಾದ ಕೋಣೆ, ಏಪ್ರಿಲ್ ತಿಂಗಳು, ಹಿಂಬದಿಯ ಗಾಳಿಕಿಂಡಿಗೆ ಮೆತ್ತಿದ ಧೂಳು ಇವೆಲ್ಲ ಸೇರಿದರೆ ಆ ಹತ್ತು ಡಿಗ್ರಿ ದೊಡ್ಡ ಮಾತಲ್ಲ. ಗಾಳಿಕಿಂಡಿಯನ್ನು ಒಣ ಬ್ರಷ್ಷಿನಿಂದ ಆಗಾಗ ಗುಡಿಸುವುದು ಯಾರ ಕೈಯಿಂದಲೂ ಆಗುವ ಕೆಲಸ.

ಉಬ್ಬಿದ ಕೆಪಾಸಿಟರಿನ ಬೆಲೆ ಹತ್ತಿಪ್ಪತ್ತು ರೂಪಾಯಿ. ಹೊಸದು ಅಷ್ಟೇ ಮೈಕ್ರೋಫ್ಯಾರಡ್ ಇರಬೇಕು, ವೋಲ್ಟ್ ಅಷ್ಟೇ ಅಥವಾ ಹೆಚ್ಚಿರಬೇಕು, 105 ಡಿಗ್ರಿಯದೇ ಆಗಿರಬೇಕು, ಪ್ಲಸ್ ಮೈನಸ್ ತಪ್ಪಬಾರದು. ಒಂದು ಉಬ್ಬಿದ್ದರೆ ಜೊತೆಯವನ್ನೂ ಬದಲಿಸುವುದು ಒಳ್ಳೆಯ ಮೆಕ್ಯಾನಿಕ್ಕನ ಪದ್ಧತಿ. ಫ್ಯೂಸ್ ಒಳಗೆ ಕಪ್ಪಾಗಿ ಸುಟ್ಟಿದ್ದರೆ ಅವನು ಹೊಸದು ಹಾಕಿ ನೇರ ಪ್ಲಗ್ಗಿಗೆ ಚುಚ್ಚುವುದಿಲ್ಲ. ಎಲ್ಲೋ ಶಾರ್ಟ್ ಇದೆ ಎಂದು ತಿಳಿದು ಬ್ರಿಜ್ ಡಯೋಡು, ಮಾಸ್‌ಫೆಟ್ ಎಂಬ ಟ್ರಾನ್ಸಿಸ್ಟರ್ ಎರಡನ್ನೂ ಮೀಟರಿನಿಂದ ಅಳೆಯುತ್ತಾನೆ. ಆಮೇಲೂ ನಡುವೆ ಹಳೆಯ ಕಾಲದ ತಂತಿಯ ಬಲ್ಬೊಂದನ್ನು ಸೀರೀಸಿನಲ್ಲಿ ಜೋಡಿಸಿಯೇ ಕರೆಂಟು ಕೊಡುತ್ತಾನೆ. ಬಲ್ಬ್ ಪೂರ್ತಿ ಉರಿದರೆ ಶಾರ್ಟ್ ಇನ್ನೂ ಇದೆ. ಕ್ಷಣ ಮಿನುಗಿ ಮಂಕಾದರೆ ಶಾರ್ಟ್ ಇಲ್ಲವೆಂದಾಯಿತು. ಗುಂಡು ಬಲ್ಬು ಮನೆಗಳಿಂದ ಮಾಯವಾದರೂ ರಿಪೇರಿ ಅಂಗಡಿಯ ಗೋಡೆಯಲ್ಲಿ ಉಳಿದಿರುವುದು ಇದಕ್ಕೇ.

ಒಂದು ಎಚ್ಚರಿಕೆ ಇಲ್ಲಿ ಹೇಳಲೇಬೇಕು. ಪ್ಲಗ್ ಕಿತ್ತ ಮೇಲೂ ಆ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚಿನ ವಿದ್ಯುತ್ತು ಕಾದು ಕೂತಿರಬಹುದು. ಅದನ್ನು ಖಾಲಿ ಮಾಡದೆ ಕೈ ಇಡುವುದು ಪ್ರಾಣಕ್ಕೇ ಅಪಾಯ. ವಿಡಿಯೋ ನೋಡಿ ಮನೆಯಲ್ಲಿ ಬಿಚ್ಚುವ ಹುಡುಗರು ಇದನ್ನು ಮರೆಯಬಾರದು.

ಬಿಚ್ಚುವ ಅಗತ್ಯವೇ ಇಲ್ಲದ ದೂರುಗಳೂ ಎಷ್ಟೋ ಬರುತ್ತವೆ. ಪರದೆ ಹಳದಿಯೋ ನೇರಳೆಯೋ ಆದರೆ ವಿಜಿಎ ಕೇಬಲ್ಲಿನ 15 ಪಿನ್ನುಗಳಲ್ಲಿ ಕೆಂಪು, ಹಸಿರು, ನೀಲಿಗೆ ಮೀಸಲಾದ ಮೊದಲ ಮೂರರಲ್ಲಿ ಒಂದು ಬಾಗಿರುತ್ತದೆ. ಔಟ್ ಆಫ್ ರೇಂಜ್ ಎಂದು ಬಂದರೆ ತಪ್ಪು ಮಾನಿಟರಿನದಲ್ಲ, ಕಂಪ್ಯೂಟರಿನಲ್ಲಿ ಆರಿಸಿದ ರೆಸಲ್ಯೂಶನ್ನಿನದು. ಪ್ರಾಮಾಣಿಕ ಅಂಗಡಿಯವನು ಇಂಥದಕ್ಕೆ ಹಣ ಕೇಳುವುದಿಲ್ಲ.

ಆಗದ ಕೆಲಸವೂ ಇದೆ, ಅದನ್ನು ಆಗದು ಎನ್ನುವುದೂ ಈ ಕಸುಬಿನ ಮರ್ಯಾದೆ. ಒಡೆದ ಫಲಕಕ್ಕೆ ಮದ್ದಿಲ್ಲ. ಮೇಲಿಂದ ಕೆಳಗೆ ಗೆರೆ ಬಂದರೆ ಫಲಕದ ಅಂಚಿಗೆ ಶಾಖ ಮತ್ತು ಒತ್ತಡದಿಂದ ಅಂಟಿಸಿದ ರಿಬ್ಬನ್ ಸಡಿಲವಾಗಿರಬಹುದು. ಅದನ್ನು ಮತ್ತೆ ಕೂಡಿಸಲು ಬಾಂಡಿಂಗ್ ಮಷೀನ್ ಬೇಕು, ಅದು ದೊಡ್ಡ ಶಹರದ ಮಾತು. ಕಾಗದದ ತುಂಡು ಒತ್ತಿಟ್ಟು ಗೆರೆ ಮಾಯ ಮಾಡಿಕೊಡುವವರಿದ್ದಾರೆ, ಅದು ತಾತ್ಕಾಲಿಕ. ಅದಕ್ಕೆ ಪೂರ್ತಿ ರೊಕ್ಕ ಕೊಡಬಾರದು. ಮೇನ್ ಬೋರ್ಡ್ ಮಾತ್ರ ಸತ್ತು ಫಲಕ ಚೆನ್ನಾಗಿದ್ದರೆ ಯೂನಿವರ್ಸಲ್ ಬೋರ್ಡ್ ಕೂಡಿಸಿ ಅದನ್ನೇ ಟಿವಿ ಮಾಡಿಕೊಡುವ ದಾರಿಯೂ ಉಂಟು.

ನಿಜಕ್ಕೂ ಮುಗಿದ ಮಾನಿಟರನ್ನು ತಿಪ್ಪೆಗೆ ಎಸೆಯಬೇಡಿ. ಹಳೆಯ ಮಾದರಿಯ ಆ ಗಾಜಿನ ನಳಿಗೆಗಳಲ್ಲಿ ಪಾದರಸವಿದೆ. ಒಡೆದರೆ ಅದು ಮಣ್ಣಿಗೆ, ನೀರಿಗೆ ಸೇರುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಅದು ನೋಂದಾಯಿತ ಮರುಬಳಕೆದಾರರಿಗೆ ಸೇರಬೇಕು.

ಶಾಲೆ, ಕಾಲೇಜು, ಕಚೇರಿಗಳ ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ಮಾನಿಟರುಗಳನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅವುಗಳಲ್ಲಿ ಎಷ್ಟಕ್ಕೆ ಬೇಕಿರುವುದು ಬರೀ ಎರಡು ಕೆಪಾಸಿಟರೋ! ಮುಖ್ಯೋಪಾಧ್ಯಾಯರಲ್ಲಿ, ಕಚೇರಿ ಮುಖ್ಯಸ್ಥರಲ್ಲಿ ನನ್ನ ವಿನಂತಿ ಇಷ್ಟು: ಹೊಸದಕ್ಕೆ ಬೇಡಿಕೆ ಬರೆಯುವ ಮೊದಲು ನಿಮ್ಮ ಊರಿನ ಮೆಕ್ಯಾನಿಕ್ಕನನ್ನು ಒಮ್ಮೆ ಕರೆಸಿ, ಹತ್ತಿರದ ಐಟಿಐ ಮಕ್ಕಳನ್ನು ಅವರ ಪಕ್ಕ ಕೂರಿಸಿ, ಆ ರಾಶಿಯನ್ನು ಅವರ ಕೈಗೆ ಕೊಡಿ. ಹಾಗೆಯೇ ಓದುಗರೇ, ನಿಮ್ಮ ಮಾನಿಟರ್ ಕೆಟ್ಟರೆ ಅಂಗಡಿಗೆ ಒಯ್ಯುವಾಗ ಪವರ್ ಕೇಬಲ್, ವಿಜಿಎ ಕೇಬಲ್ ಎರಡನ್ನೂ ಜೊತೆಗೆ ಒಯ್ಯಿರಿ; ಅದು ಯಾವಾಗ, ಹೇಗೆ ಆರಿತೆಂಬುದನ್ನು ಇದ್ದದ್ದು ಇದ್ದಹಾಗೆ ಹೇಳಿರಿ.